ಚೆನ್ನಾಗಿರುವ ರಸ್ತೆಗೇ ಯಾಕೆ ಮತ್ತೆ ಡಾಂಬರು?

ಎರಡು ರಾಜ್ಯ ಹೆದ್ದಾರಿಗಳು ಒಂದು ಸರ್ಕಲ್‌ನಲ್ಲಿ ಸೇರುತ್ತವೆ ಅಂದುಕೊಳ್ಳಿ. ಒಂದರ ತುಂಬ ಗುಂಡಿ. ಬೈಕ್‌ನವರು ಹಾವಿನ ಹಾಗೆ ಅತ್ತಿತ್ತ ಹೊರಳಿಕೊಂಡೇ ಹೋಗಬೇಕು. ಇನ್ನೊಂದು ನೋಡಲು ಚೆನ್ನಾಗಿಯೇ ಇದೆ. ಅಲ್ಲಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೆ ಬೇರೇನೂ ಆಗಿಲ್ಲ. ಒಂದು ದಿನ ಬೆಳಗ್ಗೆ ಇಲಾಖೆಯ ಲಾರಿ, ರೋಲರ್ ಎಲ್ಲ ಬಂದು ನಿಲ್ಲುತ್ತವೆ. ಕೆಲಸ ಶುರುವಾಗುವುದು ಆ ಚೆನ್ನಾಗಿರುವ ರಸ್ತೆಯಲ್ಲಿ. ನೋಡಿದವರ ಹೊಟ್ಟೆ ಉರಿಯುತ್ತದೆ. ‘ಕಣ್ಣು ಕಾಣಲ್ವಾ ಇವರಿಗೆ? ಆ ಕಡೆ ಜನ ಬಿದ್ದು ಕೈಕಾಲು ಮುರ್ಕೊಳ್ತಿದ್ದಾರೆ, ಇಲ್ಲಿ ಡಾಂಬರಿನ ಮೇಲೆ ಡಾಂಬರು ಹಾಕ್ತಿದ್ದಾರೆ’ ಅಂತ ಬೈದುಕೊಂಡೇ ಹೋಗುತ್ತಾರೆ.

ಈ ಸಿಟ್ಟು ಸುಮ್ನೆ ಬಂದದ್ದಲ್ಲ. ಎಷ್ಟೋ ಸಲ ಇಂಥ ಕೆಲಸದ ಹಿಂದೆ ಟೆಂಡರ್ ಲೆಕ್ಕಾಚಾರ ಇರುತ್ತದೆ, ಇಲ್ಲವೇ ದೊಡ್ಡವರ ಭೇಟಿ ಇರುತ್ತದೆ. ಆದರೆ ಅದೆಲ್ಲ ಪಕ್ಕಕ್ಕಿಟ್ಟು ಬರೀ ರಸ್ತೆಯ ಆಯಸ್ಸು ಮತ್ತು ಖರ್ಚಿನ ಲೆಕ್ಕ ಹಾಕಿದರೆ, ಚೆನ್ನಾಗಿರುವ ರಸ್ತೆಗೆ ಮೊದಲು ಕೈಹಾಕುವುದೇ ಸರಿ. ಕೇಳಲು ವಿಚಿತ್ರ ಅನಿಸುತ್ತದೆ, ಅಲ್ವಾ? ರಾಜ್ಯ ಹೆದ್ದಾರಿಗಳು ಯಾಕೆ ಹಾಳಾಗುತ್ತವೆ, ಯಾಕೆ ಸರಿಹೋಗುವುದಿಲ್ಲ ಅನ್ನುವುದು ಅರ್ಥವಾಗಬೇಕಾದರೆ ಈ ವಿಚಿತ್ರವನ್ನು ಬಿಡಿಸಿ ನೋಡಲೇಬೇಕು.

ಮೊದಲು ಇದು ಯಾರ ರಸ್ತೆ ಅನ್ನುವುದು. ಭಾರತದಲ್ಲಿ ರಸ್ತೆಗಳಿಗೆ ಈಗಿರುವ ದರ್ಜೆಗಳ ಬೇರು 1943ರ ನಾಗಪುರ ಯೋಜನೆಯಲ್ಲಿದೆ. ಆಗಿನ ಪ್ರಾಂತ್ಯಗಳ ಮುಖ್ಯ ಎಂಜಿನಿಯರ್‌ಗಳು ನಾಗಪುರದಲ್ಲಿ ಸೇರಿ, ರಾಷ್ಟ್ರೀಯ ಹೆದ್ದಾರಿ, ಪ್ರಾಂತ್ಯದ ಹೆದ್ದಾರಿ, ಜಿಲ್ಲಾ ರಸ್ತೆ, ಹಳ್ಳಿ ರಸ್ತೆ ಅಂತ ವಿಂಗಡಿಸಿದರು. ಪ್ರಾಂತ್ಯಗಳು ರಾಜ್ಯಗಳಾದವು, ಪ್ರಾಂತ್ಯದ ಹೆದ್ದಾರಿ ರಾಜ್ಯ ಹೆದ್ದಾರಿಯಾಯಿತು. ಸಂವಿಧಾನದ ಏಳನೇ ಅನುಸೂಚಿ ಇದನ್ನು ಗಟ್ಟಿ ಮಾಡಿತು. ಸಂಸತ್ತು ರಾಷ್ಟ್ರೀಯ ಹೆದ್ದಾರಿ ಅಂತ ಘೋಷಿಸಿದ್ದು ಕೇಂದ್ರದ ಪಟ್ಟಿಯಲ್ಲಿ, ಉಳಿದ ರಸ್ತೆ, ಸೇತುವೆಗಳು ರಾಜ್ಯದ ಪಟ್ಟಿಯಲ್ಲಿ. ಸುದ್ದಿಯಲ್ಲಿ ಬರುವುದೆಲ್ಲ ರಾಷ್ಟ್ರೀಯ ಹೆದ್ದಾರಿ, ಎಕ್ಸ್‌ಪ್ರೆಸ್‌ವೇಗಳೇ. ಆದರೆ ದೇಶದಲ್ಲಿ ರಾಷ್ಟ್ರೀಯ ಹೆದ್ದಾರಿಗಿಂತ ರಾಜ್ಯ ಹೆದ್ದಾರಿಯ ಉದ್ದವೇ ಜಾಸ್ತಿ. ತಾಲ್ಲೂಕಿನಿಂದ ತಾಲ್ಲೂಕಿಗೆ, ಮಾರುಕಟ್ಟೆಗೆ, ಆಸ್ಪತ್ರೆಗೆ ಜನ ಹೋಗುವುದು ಇದರ ಮೇಲೆ.

ಅಮೆರಿಕದಲ್ಲಿ ಒಂದು ತಮಾಷೆ ನೋಡಿ. ಸುಮಾರು 77,000 ಕಿ.ಮೀ. ಉದ್ದದ, ರಾಜ್ಯ ರಾಜ್ಯಗಳನ್ನು ಬೆಸೆಯುವ ಇಂಟರ್‌ಸ್ಟೇಟ್ ಹೆದ್ದಾರಿಗಳು ಅಲ್ಲಿನ ಕೇಂದ್ರ ಸರ್ಕಾರದವು ಅಂತ ಬಹಳ ಜನ ತಿಳಿದಿದ್ದಾರೆ. ಅಲ್ಲ. ದುಡ್ಡಿನ ಬಹುಪಾಲು ಕೇಂದ್ರದಿಂದ ಬಂದರೂ ಅವುಗಳ ಒಡೆತನ ರಾಜ್ಯಗಳದ್ದೇ, ನೋಡಿಕೊಳ್ಳುವುದೂ ರಾಜ್ಯಗಳೇ. ರಾಜ್ಯಗಳ ನಡುವೆಯೂ ತುಂಬ ವ್ಯತ್ಯಾಸ ಇದೆ. ಉತ್ತರ ಕೆರೊಲಿನಾ 1931ರಲ್ಲಿ ಕೌಂಟಿಗಳ (ನಮ್ಮ ಜಿಲ್ಲೆಗಳಂಥ ಆಡಳಿತ ಭಾಗಗಳ) ರಸ್ತೆಗಳನ್ನೆಲ್ಲ ತಾನೇ ತೆಗೆದುಕೊಂಡಿತು. ಆರ್ಥಿಕ ಕುಸಿತದಲ್ಲಿ ಕೌಂಟಿಗಳ ಕೈಯಲ್ಲಿ ಕಾಸಿರಲಿಲ್ಲ. ಮರುವರ್ಷ ವರ್ಜೀನಿಯಾ ಅದೇ ದಾರಿ ಹಿಡಿಯಿತು. ಹಾಗಾಗಿ ಉತ್ತರ ಕೆರೊಲಿನಾದಂಥ ಮಧ್ಯಮ ಗಾತ್ರದ ರಾಜ್ಯ, ಟೆಕ್ಸಾಸ್‌ನಂಥ ದೈತ್ಯ ರಾಜ್ಯದಷ್ಟೇ ಉದ್ದದ ರಸ್ತೆಜಾಲವನ್ನು ಇವತ್ತಿಗೂ ಹೊತ್ತುಕೊಂಡಿದೆ. ಒಂದು ರಸ್ತೆಯನ್ನು ಮೇಲ್ದರ್ಜೆಗೇರಿಸಿ ‘ರಾಜ್ಯ ಹೆದ್ದಾರಿ’ ಅನ್ನುವ ಬೋರ್ಡು ಹಾಕುವುದು ಸುಲಭ. ಬೋರ್ಡಿನ ಜೊತೆಗೆ ನಿರ್ವಹಣೆಯ ಹಣ ಬರುತ್ತದೆಯೋ ಇಲ್ಲವೋ ಅನ್ನುವುದೇ ಬೇರೆ ವಿಷಯ.

ನೀರು ಮತ್ತು ಭಾರ

ಜೋರು ಮಳೆ ನಿಂತು ಬಿಸಿಲು ಬಂದ ಮೇಲೆ ಒಂದರ್ಧ ಗಂಟೆ ಬಿಟ್ಟು ಯಾವುದಾದರೂ ಡಾಂಬರು ರಸ್ತೆಯನ್ನು ಬಗ್ಗಿ ನೋಡಿ. ಮೈಯೆಲ್ಲ ಒಣಗಿ ಬೂದು ಬಣ್ಣಕ್ಕೆ ತಿರುಗಿರುತ್ತದೆ. ಅದರ ನಡುವೆ ಸಣ್ಣ ಕಪ್ಪು ಗೆರೆಗಳು ಕಾಣುತ್ತವೆ, ಯಾರೋ ಇದ್ದಿಲಿನಿಂದ ಗೀಚಿದ ಹಾಗೆ. ಅವು ಬಿರುಕುಗಳು. ಮೇಲೆ ಒಣಗಿದರೂ ಅವುಗಳ ಒಳಗೆ ಇನ್ನೂ ನೀರಿದೆ. ಮಾಮೂಲಿ ದಿನ ಆ ಬಿರುಕು ಕಣ್ಣಿಗೇ ಬೀಳುವುದಿಲ್ಲ. ರಸ್ತೆಯ ಸಾವು ಶುರುವಾಗುವುದು ಇಲ್ಲಿಂದ.

ನಾವು ರಸ್ತೆ ಅನ್ನುವುದು ಮೇಲಿನ ಕಪ್ಪು ಪದರಕ್ಕೆ. ನಿಜವಾಗಿ ಭಾರ ಹೊರುವುದು ಅದರ ಕೆಳಗಿನ ಜಲ್ಲಿ, ಅದರ ಕೆಳಗೆ ಧಮ್ಮಸ್ಸು ಮಾಡಿದ ಮಣ್ಣು. ಕಪ್ಪು ಪದರದ ದೊಡ್ಡ ಕೆಲಸ ಕೊಡೆ ಹಿಡಿಯುವುದು. ವರ್ಷಗಳು ಕಳೆದ ಹಾಗೆ ಬಿಸಿಲಿಗೆ, ಗಾಳಿಗೆ ಡಾಂಬರಿನ ಜಿಗುಟು ಹೋಗುತ್ತದೆ. ಗಡುಸಾಗಿ ಬಿರುಕು ಬಿಡುತ್ತದೆ. ಕೊಡೆ ತೂತಾಯಿತು. ನೀರು ಒಳಗೆ ಇಳಿಯುತ್ತದೆ. ಅದರ ಮೇಲೆ ಲಾರಿ ಹಾದುಹೋದಾಗ ಒಳಗಿನ ನೀರಿಗೆ ಒತ್ತಡ ಬಿದ್ದು, ಅದು ನುಣ್ಣನೆ ಮಣ್ಣನ್ನು ಕಲಸಿಕೊಂಡು ಬಿರುಕಿನಿಂದ ಮೇಲಕ್ಕೆ ಚಿಮ್ಮುತ್ತದೆ. ಒಣಗಿದ ಮೇಲೆ ಬಿರುಕಿನ ಪಕ್ಕದಲ್ಲಿ ತೆಳ್ಳಗೆ ಕೆಸರಿನ ಕಲೆ ಉಳಿಯುತ್ತದಲ್ಲ, ಅದು ರಸ್ತೆಯ ಹೊಟ್ಟೆಯೊಳಗಿನ ಮಣ್ಣು. ಪ್ರತಿ ಲಾರಿಗೂ ಸ್ವಲ್ಪ ಸ್ವಲ್ಪ ಖಾಲಿಯಾಗುತ್ತ ಕಪ್ಪು ಪದರದ ಕೆಳಗೆ ಟೊಳ್ಳಾಗುತ್ತದೆ. ಆಮೇಲೆ ಮೇಲ್ಮೈ ಮೊಸಳೆ ಬೆನ್ನಿನ ಹಾಗೆ ಚೌಕ ಚೌಕವಾಗಿ ಒಡೆಯುತ್ತದೆ. ಒಂದು ಚೂರು ಎದ್ದು ಬಂತು ಅಂದರೆ ಮುಗಿಯಿತು, ಗುಂಡಿ ಹುಟ್ಟಿತು. ಚಳಿ ದೇಶಗಳಲ್ಲಿ ಇನ್ನೊಂದು ಕಾಟ. ನೀರು ಹೆಪ್ಪುಗಟ್ಟಿದಾಗ ಸುಮಾರು ಶೇ 9ರಷ್ಟು ಉಬ್ಬುತ್ತದೆ, ಬಿರುಕನ್ನು ಒಳಗಿನಿಂದಲೇ ಸೀಳುತ್ತದೆ.

ಹಾಗಾಗಿ ಎಂಜಿನಿಯರ್‌ಗಳು ರಸ್ತೆಗಿಂತ ಮೊದಲು ಚರಂಡಿ ನೋಡುತ್ತಾರೆ. ರಸ್ತೆ ನಡುವೆ ಸ್ವಲ್ಪ ಉಬ್ಬಿ ಎರಡೂ ಕಡೆ ಇಳಿಜಾರಾಗಿರಬೇಕು. ಅಂಚಿನ ಮಣ್ಣು ರಸ್ತೆಗಿಂತ ಎತ್ತರ ಬೆಳೆದಿರಬಾರದು. ಪಕ್ಕದ ಚರಂಡಿಯಲ್ಲಿ ಹೂಳಿರಬಾರದು. ಅಡ್ಡಲಾಗಿ ಹಾದುಹೋಗುವ ಮೋರಿಯ ಬಾಯಿ ಬಿಟ್ಟಿರಬೇಕು. ಇವು ನಾಲ್ಕೂ ಸರಿ ಇದ್ದರೆ ಸಾಧಾರಣ ಡಾಂಬರು ಕೂಡ ಬಾಳುತ್ತದೆ. ಇವು ಕೆಟ್ಟರೆ ಎಷ್ಟು ಒಳ್ಳೆಯ ಡಾಂಬರು ಹಾಕಿದರೂ ಒಂದೆರಡು ಮಳೆಗಾಲಕ್ಕೆ ಎದ್ದು ಬರುತ್ತದೆ. ಹಿಂದೆ ರಸ್ತೆ ಗ್ಯಾಂಗ್‌ನವರು ಗುದ್ದಲಿ, ಸಲಿಕೆ ಹಿಡಿದು ತಮ್ಮ ಪಾಲಿನ ಕೆಲವು ಮೈಲಿ ರಸ್ತೆಯಲ್ಲಿ ದಿನವೂ ಮಾಡುತ್ತಿದ್ದದ್ದು ಬಹುಪಾಲು ಇದೇ ಕೆಲಸ. ಹುಲ್ಲು ಕೀಳುವುದು, ಹೂಳು ಎತ್ತುವುದು, ಅಂಚು ಕೆತ್ತುವುದು. ಆ ಗ್ಯಾಂಗ್‌ಗಳು ಕಡಿಮೆಯಾದವು, ಎಲ್ಲ ಕೆಲಸವೂ ಗುತ್ತಿಗೆಗೆ ಹೋಯಿತು. ಡಾಂಬರು ಹಾಕುವುದಕ್ಕೆ ಗುತ್ತಿಗೆದಾರರು ಸಿಗುತ್ತಾರೆ. ಮಳೆ ಶುರುವಾಗುವ ಮೊದಲು ಮೋರಿಯೊಳಗೆ ಇಳಿದು ಕಸ ತೆಗೆಯುವುದು ಯಾರ ಬಿಲ್ಲಿನಲ್ಲೂ ಸರಿಯಾಗಿ ಬರುವುದಿಲ್ಲ. ನನ್ನ ಮಟ್ಟಿಗೆ ಇದು ಬಹಳ ದೊಡ್ಡ ನಷ್ಟ.

ಇನ್ನು ಭಾರ. 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್ ರಾಜ್ಯದ ಒಟ್ಟಾವಾ ಊರಿನ ಹತ್ತಿರ ಒಂದು ದೊಡ್ಡ ಪ್ರಯೋಗ ನಡೆಯಿತು. ರಾಜ್ಯ ಹೆದ್ದಾರಿ ಅಧಿಕಾರಿಗಳ ಸಂಘ ‘ಆಶೋ’ ಇದರ ಹಿಂದೆ ಇತ್ತು. ಬೇರೆ ಬೇರೆ ದಪ್ಪದ ರಸ್ತೆಗಳನ್ನು ಉಂಗುರಗಳ ಹಾಗೆ ಕಟ್ಟಿ, ಸೈನಿಕರಿಂದ ಲಾರಿಗಳನ್ನು ಸುತ್ತಿಸಿ ಸುತ್ತಿಸಿ ರಸ್ತೆ ಹೇಗೆ ಸವೆಯುತ್ತದೆ ಅಂತ ಅಳೆದರು. ಅದರಿಂದ ಬಂದ ಲೆಕ್ಕವನ್ನು ಇವತ್ತಿಗೂ ಜಗತ್ತಿನ ಎಂಜಿನಿಯರ್‌ಗಳು ಬಳಸುತ್ತಾರೆ. ರಸ್ತೆಗೆ ಆಗುವ ಪೆಟ್ಟು, ಆಕ್ಸಲ್ (ಎರಡೂ ಬದಿಯ ಚಕ್ರಗಳನ್ನು ಜೋಡಿಸುವ ಅಚ್ಚು) ಮೇಲಿನ ಭಾರದ ಹೆಚ್ಚುಕಡಿಮೆ ನಾಲ್ಕನೇ ಘಾತದಷ್ಟು ಏರುತ್ತದೆ. ಬಿಡಿಸಿ ಹೇಳುವುದಾದರೆ, ಆಕ್ಸಲ್ ಭಾರ ಎರಡು ಪಟ್ಟಾದರೆ ಪೆಟ್ಟು 16 ಪಟ್ಟು. ಮೂರು ಪಟ್ಟಾದರೆ 81 ಪಟ್ಟು. ಲಾರಿಯ ಒಂದು ಆಕ್ಸಲ್ 8 ಟನ್, ಕಾರಿನ ಆಕ್ಸಲ್ 800 ಕೆ.ಜಿ. ಅಂದುಕೊಂಡರೆ, ಆ ಒಂದು ಆಕ್ಸಲ್ ಹಾದುಹೋದದ್ದು ಹತ್ತು ಸಾವಿರ ಕಾರಿನ ಆಕ್ಸಲ್‌ಗೆ ಸಮ. ಕಾರು, ಬೈಕುಗಳು ಎಷ್ಟೇ ಓಡಾಡಿದರೂ ರಸ್ತೆ ಮುರಿಯುವುದಿಲ್ಲ. ಮುರಿಯುವುದು ಭಾರದ ಗಾಡಿಗಳು, ಅದರಲ್ಲೂ ಮಿತಿ ಮೀರಿ ತುಂಬಿದವು.

ಭಾರತದಲ್ಲಿ 2018ರಲ್ಲಿ ಕಾನೂನುಬದ್ಧ ಆಕ್ಸಲ್ ಮಿತಿಯನ್ನೇ ಏರಿಸಿದರು. ನಾಲ್ಕು ಟೈರಿನ ಒಂಟಿ ಆಕ್ಸಲ್‌ಗೆ 10.2 ಟನ್ ಇದ್ದದ್ದು 11.5 ಟನ್ ಆಯಿತು. ನೋಡಲು ಸಣ್ಣ ಏರಿಕೆ. ನಾಲ್ಕನೇ ಘಾತದ ಲೆಕ್ಕ ಹಾಕಿದರೆ ಪ್ರತಿ ಸಲ ಹಾದಾಗಲೂ ಪೆಟ್ಟು ಶೇ 60ರಷ್ಟು ಜಾಸ್ತಿ. ಒಂದೇ ಟ್ರಿಪ್ಪಿನಲ್ಲಿ ಜಾಸ್ತಿ ಸರಕು ಹೋಗುತ್ತದೆ, ಸಾಗಾಣಿಕೆ ಖರ್ಚು ಇಳಿಯುತ್ತದೆ ಅನ್ನುವ ವಾದದಲ್ಲಿ ಹುರುಳಿದೆ. ಹೇಗೂ ಹೆಚ್ಚು ತುಂಬುತ್ತಿದ್ದವರನ್ನು ಕಾನೂನಿನೊಳಗೆ ತಂದಂತಾಯಿತು ಅಂತಲೂ ಹೇಳುತ್ತಾರೆ. ಆದರೆ ಸರಕು ಸಾಗಿಸುವವರ ಉಳಿತಾಯ ಒಂದು ಕಡೆ ಆಯಿತು, ಹಳೆಯ ಮಿತಿಗೆ ಕಟ್ಟಿದ್ದ ರಸ್ತೆಗಳ ರಿಪೇರಿ ಖರ್ಚು ರಾಜ್ಯಗಳ ತಲೆಗೆ ಬಂತು. ಅಮೆರಿಕದ ಮಿನ್ನೆಸೋಟದಂಥ ರಾಜ್ಯಗಳಲ್ಲಿ ವಸಂತದಲ್ಲಿ ಹಿಮ ಕರಗಿ ರಸ್ತೆಯ ಅಡಿ ಮೆತ್ತಗಾದಾಗ, ಕೆಲವು ವಾರ ಭಾರದ ಮಿತಿಯನ್ನು ಇಳಿಸುತ್ತಾರೆ. ಮಳೆಗಾಲದ ನಾಡುಗಳಲ್ಲೂ ಅಂಥದ್ದನ್ನು ಯೋಚಿಸಬಹುದು ಅಂತ ನನಗೆ ಅನಿಸುತ್ತದೆ.

ಕೆಟ್ಟದ್ದನ್ನು ಮೊದಲು ಅನ್ನುವ ಬಲೆ

ಈಗ ಆ ಸರ್ಕಲ್‌ಗೆ ವಾಪಸ್ ಬರೋಣ. ರಸ್ತೆ ಒಂದೇ ಸಮನೆ ಹಾಳಾಗುವುದಿಲ್ಲ. ಹಲವು ವರ್ಷ ಚೆನ್ನಾಗಿಯೇ ಇರುತ್ತದೆ, ಸ್ವಲ್ಪ ಬಣ್ಣಗೆಡುತ್ತದೆ, ಗೆರೆ ಬೀಳುತ್ತದೆ. ಒಂದು ಹಂತ ದಾಟಿದ ಮೇಲೆ ಮಾತ್ರ ಬಂಡೆಯಿಂದ ಉರುಳಿದ ಹಾಗೆ ಬೀಳುತ್ತದೆ. ಆ ಅಂಚು ದಾಟುವ ಮೊದಲು ಬಿರುಕಿಗೆ ಬಿಸಿ ಡಾಂಬರು ತುಂಬಿ ಮುಚ್ಚಿದರೆ, ಇಲ್ಲವೇ ಮೇಲೊಂದು ತೆಳುಪದರ ಹಾಕಿದರೆ, ಕೊಡೆಯ ತೂತು ಮುಚ್ಚಿದಂತೆ. ಇನ್ನಷ್ಟು ವರ್ಷ ಬಾಳುತ್ತದೆ. ದಾಟಿದ ಮೇಲೆ ತೆಳುಪದರದಿಂದ ಏನೂ ಆಗದು. ಕೆಳಗಿನ ಜಲ್ಲಿ ಕಿತ್ತು, ಮಣ್ಣು ಸರಿಮಾಡಿ, ಹೊಸದಾಗಿ ಕಟ್ಟಬೇಕು.

ಈ ಎರಡರ ನಡುವಿನ ಖರ್ಚಿನ ವ್ಯತ್ಯಾಸ ದಿಗಿಲು ಹುಟ್ಟಿಸುತ್ತದೆ. ದಕ್ಷಿಣ ಆಫ್ರಿಕಾದ ರಾಷ್ಟ್ರೀಯ ರಸ್ತೆ ಸಂಸ್ಥೆ ಸ್ಯಾನ್‌ರಾಲ್ ಹಾಕಿದ ಅಂದಾಜಿನ ಪ್ರಕಾರ, ಮೂರು ವರ್ಷ ನಿರ್ಲಕ್ಷಿಸಿದರೆ ರಿಪೇರಿ ಖರ್ಚು ನಿರ್ವಹಣೆಯ ಖರ್ಚಿನ 6 ಪಟ್ಟಾಗುತ್ತದೆ, ಐದು ವರ್ಷಕ್ಕೆ 18 ಪಟ್ಟು. ವಿಶ್ವಬ್ಯಾಂಕ್ 1994ರ ತನ್ನ ಅಭಿವೃದ್ಧಿ ವರದಿಯಲ್ಲಿ ಆಫ್ರಿಕಾದ ಬಗ್ಗೆ ಬರೆದದ್ದೂ ಇದೇ ಮಾತು. ಹಿಂದಿನ ದಶಕದಲ್ಲಿ 12 ಬಿಲಿಯನ್ ಡಾಲರ್ ನಿರ್ವಹಣೆಗೆ ಹಾಕಿದ್ದರೆ, 45 ಬಿಲಿಯನ್ ಡಾಲರ್‌ನಷ್ಟು ಮರುನಿರ್ಮಾಣದ ಖರ್ಚು ಉಳಿಯುತ್ತಿತ್ತು.

ಈಗ ಒಬ್ಬ ಎಂಜಿನಿಯರ್ ಕೈಯಲ್ಲಿ ವರ್ಷಕ್ಕೆ ಇಷ್ಟೇ ಅಂತ ಹಣ ಇದೆ ಅನ್ನಿ. ಅತಿ ಕೆಟ್ಟ ರಸ್ತೆಗೇ ಮೊದಲು ಅಂತ ಹೊರಟರೆ, ಆ ಹಣ ಒಂದೆರಡು ರಸ್ತೆಯ ಮರುನಿರ್ಮಾಣಕ್ಕೇ ಮುಗಿಯುತ್ತದೆ. ಅಷ್ಟರಲ್ಲಿ ಸಣ್ಣ ಬಿರುಕು ಬಿಟ್ಟಿದ್ದ ಹತ್ತಾರು ರಸ್ತೆಗಳು ಅಂಚು ದಾಟಿರುತ್ತವೆ. ಮುಂದಿನ ವರ್ಷ ಕೆಟ್ಟ ರಸ್ತೆಗಳ ಪಟ್ಟಿ ಇನ್ನೂ ಉದ್ದ. ಇದು ತೂತು ಬಿದ್ದ ಕೊಡಕ್ಕೆ ನೀರು ಹೊತ್ತ ಹಾಗೆ. ಹೊರುವವರ ಶ್ರಮದಲ್ಲಿ ಕೊರತೆ ಇಲ್ಲ, ಕೊಡ ಮಾತ್ರ ತುಂಬುವುದಿಲ್ಲ. ಅಮೆರಿಕದ ಯೂಟಾ ರಾಜ್ಯ ಇದನ್ನು 1977ರಲ್ಲೇ ‘ಒಳ್ಳೆಯ ರಸ್ತೆಗೆ ಖರ್ಚು ಕಡಿಮೆ’ ಅಂತ ಒಂದೇ ಮಾತಿನಲ್ಲಿ ಹೇಳಿತು. 2012ರಲ್ಲಿ ಬಂದ ಮ್ಯಾಪ್-21 ಅನ್ನುವ ಅಮೆರಿಕದ ಕಾನೂನು, ಪ್ರತಿ ರಾಜ್ಯವೂ ತನ್ನ ಮುಖ್ಯ ಹೆದ್ದಾರಿ, ಸೇತುವೆಗಳ ಸ್ಥಿತಿಗತಿ ದಾಖಲಿಸಿ, ಇಡೀ ಆಯಸ್ಸಿನ ಖರ್ಚು ಲೆಕ್ಕ ಹಾಕಿ ಯೋಜನೆ ಮಾಡಲೇಬೇಕು ಅಂತ ಕಡ್ಡಾಯ ಮಾಡಿತು.

ಮಿಷಿಗನ್ ರಾಜ್ಯದ ಕಥೆ ಇಲ್ಲಿ ಹೇಳಲೇಬೇಕು. 1997ರಲ್ಲಿ ಅದು ಒಂದು ಗುರಿ ಇಟ್ಟುಕೊಂಡಿತು. ಹತ್ತು ವರ್ಷದಲ್ಲಿ ರಾಜ್ಯದ ಹೆದ್ದಾರಿಗಳಲ್ಲಿ ಶೇ 90ರಷ್ಟು ಒಳ್ಳೆಯ ಸ್ಥಿತಿಯಲ್ಲಿರಬೇಕು. ಬಿರುಕು ತುಂಬುವುದು, ತೆಳುಪದರ ಹಾಕುವುದು, ಮರುನಿರ್ಮಾಣ, ಮೂರನ್ನೂ ಬೆರೆಸಿ ಹಣ ಹಂಚಿದರು. 2007ರ ಹೊತ್ತಿಗೆ ಗುರಿ ಮುಟ್ಟಿದರು. ಆಮೇಲೆ? ಬರುವ ಹಣ ಬೆಳೆಯಲಿಲ್ಲ, ಸಾಮಾನುಗಳ ಬೆಲೆ ಏರಿತು, ರಸ್ತೆಗಳು ಮತ್ತೆ ಕುಸಿದವು. ಎಷ್ಟರಮಟ್ಟಿಗೆ ಅಂದರೆ 2018ರ ಚುನಾವಣೆಯಲ್ಲಿ ಗ್ರೆಚೆನ್ ವಿಟ್ಮರ್ ‘ಹಾಳು ರಸ್ತೆ ರಿಪೇರಿ ಮಾಡಿ’ ಅನ್ನುವ ಅರ್ಥದ ಘೋಷಣೆ ಹಿಡಿದು ಗವರ್ನರ್ ಆದರು. 2019ರಲ್ಲಿ ಪೆಟ್ರೋಲ್ ತೆರಿಗೆ ಏರಿಸಲು ಹೋದಾಗ ಶಾಸಕರು ಒಪ್ಪಲಿಲ್ಲ. 2020ರಲ್ಲಿ 3.5 ಬಿಲಿಯನ್ ಡಾಲರ್ ಸಾಲಪತ್ರ ತಂದು ಕೆಲಸ ಮಾಡಿಸಬೇಕಾಯಿತು. ಲೆಕ್ಕ ಗೊತ್ತಿದ್ದ ರಾಜ್ಯವೇ, ಸಾಧಿಸಿ ತೋರಿಸಿದ ರಾಜ್ಯವೇ, ಹಣ ನಿಂತಾಗ ಕೆಲವೇ ವರ್ಷಗಳಲ್ಲಿ ಮೊದಲಿನ ಜಾಗಕ್ಕೆ ಬಂದು ನಿಂತಿತು. ಸಾಲದಿಂದ ಕಟ್ಟಿದ ರಸ್ತೆಗೂ ನಾಳೆ ನಿರ್ವಹಣೆ ಬೇಕು, ಜೊತೆಗೆ ಸಾಲದ ಕಂತೂ ಇರುತ್ತದೆ.

ಹಣ ಯಾಕೆ ಹೊಸದಕ್ಕೇ ಹೋಗುತ್ತದೆ

ಹೊಸ ರಸ್ತೆಗೆ ಟೇಪು ಕತ್ತರಿಸಬಹುದು, ಮೋರಿ ಸ್ವಚ್ಛ ಮಾಡಿದ್ದಕ್ಕೆ ಯಾರೂ ಫೋಟೊ ಹಾಕುವುದಿಲ್ಲ ಅಂತ ನಾವೆಲ್ಲ ಹೇಳುತ್ತೇವೆ. ನಿಜವೇ. ಆದರೆ ರಾಜಕಾರಣಿಗಳ ಆಸೆಯ ಮೇಲೆ ಎಲ್ಲ ಹೊರಿಸುವುದು ಸರಿಯಲ್ಲ. ದುಡ್ಡು ಹರಿಯುವ ಕಾಲುವೆಯನ್ನೇ ಹೊಸ ಕಾಮಗಾರಿಯ ಕಡೆಗೆ ತೋಡಿಟ್ಟಿದ್ದಾರೆ.

ಅಮೆರಿಕದಲ್ಲಿ 1916ರ ಕಾನೂನು ರಾಜ್ಯಗಳಿಗೆ ಕೇಂದ್ರದ ಹಣ ಕೊಡಲು ಶುರು ಮಾಡಿತು. ಷರತ್ತು ಎರಡು. ರಾಜ್ಯಕ್ಕೆ ತನ್ನದೇ ಹೆದ್ದಾರಿ ಇಲಾಖೆ ಇರಬೇಕು. ಕಟ್ಟಿದ ರಸ್ತೆಯನ್ನು ರಾಜ್ಯವೇ ತನ್ನ ಹಣದಲ್ಲಿ ನೋಡಿಕೊಳ್ಳಬೇಕು. ಕೇಂದ್ರದ ಹಣ ನಿರ್ಮಾಣಕ್ಕೆ ಮಾತ್ರ. ಷರತ್ತಿನ ಉದ್ದೇಶ ಒಳ್ಳೆಯದೇ ಇತ್ತು, ಆದರೆ ಪರಿಣಾಮ ಬೇರೆಯಾಯಿತು. ರಸ್ತೆ ಪೂರ್ತಿ ಹಾಳಾಗುವವರೆಗೆ ಬಿಟ್ಟರೆ ಮರುನಿರ್ಮಾಣಕ್ಕೆ ಕೇಂದ್ರದ ಹಣ ಸಿಗುತ್ತಿತ್ತು. ಮೊದಲೇ ಕಾಪಾಡಲು ಹೋದರೆ ತನ್ನ ಜೇಬಿನಿಂದ ಹಾಕಬೇಕಿತ್ತು. ಇಂಟರ್‌ಸ್ಟೇಟ್‌ಗಳ ಮೊದಲ ಭಾಗಗಳು ಮುದಿಯಾಗುವ ಹೊತ್ತಿಗೆ, ಅಂದರೆ 1976ರಲ್ಲಿ, ಮೇಲ್ಪದರ ಬದಲಿಸುವ, ದುರಸ್ತಿ ಮಾಡುವ ಕೆಲಸಕ್ಕೂ ಹಣ ಬಳಸಲು ಕಾನೂನು ತಿದ್ದಿದರು. ದಿನನಿತ್ಯದ ನಿರ್ವಹಣೆ ಇವತ್ತಿಗೂ ರಾಜ್ಯದ್ದೇ.

ಭಾರತದಲ್ಲಿ ಇದಕ್ಕೇ ಬೇರೆ ಹೆಸರಿತ್ತು. ದಶಕಗಳ ಕಾಲ ಬಜೆಟ್ಟನ್ನು ಯೋಜನಾ ವೆಚ್ಚ, ಯೋಜನೇತರ ವೆಚ್ಚ ಅಂತ ಎರಡು ಮಾಡಿದ್ದರು. ಹೊಸ ರಸ್ತೆ ಯೋಜನಾ ವೆಚ್ಚ, ಅಂದರೆ ಅಭಿವೃದ್ಧಿ. ಇರುವ ರಸ್ತೆಯನ್ನು ಕಾಪಾಡುವುದು ಯೋಜನೇತರ, ಅಂದರೆ ಸಂಬಳ, ಪಿಂಚಣಿ, ಬಡ್ಡಿಯ ಜೊತೆ ಒಂದೇ ಸಾಲು. ಖರ್ಚು ಕಡಿತ ಮಾಡಿ ಅಂತ ಆದೇಶ ಬಂದಾಗಲೆಲ್ಲ ಸಂಬಳ ಕಡಿಯಲು ಆಗುವುದಿಲ್ಲ, ಬಡ್ಡಿ ನಿಲ್ಲಿಸಲು ಆಗುವುದಿಲ್ಲ. ಕೈಗೆ ಸಿಗುವುದು ನಿರ್ವಹಣೆಯ ಹಣ. 2017-18ರ ಬಜೆಟ್‌ನಿಂದ ಈ ವಿಂಗಡಣೆಯನ್ನು ತೆಗೆದರು. ಆದರೂ ಬಂಡವಾಳ ವೆಚ್ಚ (ಹೊಸದಾಗಿ ಕಟ್ಟುವುದಕ್ಕೆ), ರಾಜಸ್ವ ವೆಚ್ಚ (ದಿನನಿತ್ಯದ ಖರ್ಚಿಗೆ) ಅನ್ನುವ ಗೆರೆ ಹಾಗೇ ಇದೆ. 2020-21ರಿಂದ ಕೇಂದ್ರ ರಾಜ್ಯಗಳಿಗೆ 50 ವರ್ಷದ ಬಡ್ಡಿರಹಿತ ಸಾಲ ಕೊಡುತ್ತಿದೆ. ಅದೂ ಬಂಡವಾಳ ಕಾಮಗಾರಿಗೇ. ಹೂಳೆತ್ತಲು, ಬಿರುಕು ತುಂಬಲು ಅಂಥ ಸಾಲ ಇಲ್ಲ. ನಿರ್ವಹಣೆಗೆ ಅಂತಲೇ ಹೊರಗಿನಿಂದ ಹಣ ಬಂದ ಉದಾಹರಣೆಗಳೂ ಇವೆ. 13ನೇ ಹಣಕಾಸು ಆಯೋಗ 2011ರಿಂದ 2015ರವರೆಗೆ ನಾಲ್ಕು ವರ್ಷಕ್ಕೆ ರಸ್ತೆ, ಸೇತುವೆ ನಿರ್ವಹಣೆಗೆಂದೇ ರಾಜ್ಯಗಳಿಗೆ 19,930 ಕೋಟಿ ರೂಪಾಯಿ ಶಿಫಾರಸು ಮಾಡಿತ್ತು. ಅಂಥ ಏರ್ಪಾಡು ಅಪರೂಪಕ್ಕೆ ಬಂದುಹೋಗುವ ಬದಲು ಕಾಯಂ ಆಗಿ ಇರಬೇಕಿತ್ತು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಹಣ ಎಲ್ಲಿಂದ ಬರಬೇಕು ಅನ್ನುವುದು ಈಗ ಹೊಸದಾಗಿ ಎದ್ದಿರುವ ಪ್ರಶ್ನೆ. 1919ರಲ್ಲಿ ಅಮೆರಿಕದ ಆರಿಗನ್ ರಾಜ್ಯ ಗ್ಯಾಲನ್ ಪೆಟ್ರೋಲಿಗೆ ಒಂದು ಸೆಂಟ್ ತೆರಿಗೆ ಹಾಕಿ ಆ ಹಣವನ್ನು ರಸ್ತೆಗೆ ಮೀಸಲಿಟ್ಟಿತು. ಹತ್ತೇ ವರ್ಷದಲ್ಲಿ ಎಲ್ಲ ರಾಜ್ಯಗಳೂ ಅದನ್ನೇ ಹಿಡಿದವು. ಜಾಸ್ತಿ ಓಡಿಸಿದವರು ಜಾಸ್ತಿ ಕೊಡುತ್ತಾರೆ. ಸರಳವಾಗಿತ್ತು, ನ್ಯಾಯವೂ ಅನಿಸುತ್ತಿತ್ತು. ಆದರೆ ಅಲ್ಲಿನ ಕೇಂದ್ರದ ಪೆಟ್ರೋಲ್ ತೆರಿಗೆ 1993ರಿಂದ 18.4 ಸೆಂಟ್‌ನಲ್ಲೇ ನಿಂತಿದೆ. ಡಾಂಬರು, ಕಬ್ಬಿಣ, ಕೂಲಿ ಯಾವುದೂ ಅಲ್ಲಿಗೇ ನಿಂತಿಲ್ಲ. ಗಾಡಿಗಳು ಕಡಿಮೆ ಪೆಟ್ರೋಲ್ ಕುಡಿಯುತ್ತವೆ, ಎಲೆಕ್ಟ್ರಿಕ್ ಗಾಡಿ ಕುಡಿಯುವುದೇ ಇಲ್ಲ. ಪೆಟ್ರೋಲ್ ತೆರಿಗೆಯನ್ನು ಹುಟ್ಟುಹಾಕಿದ ಆರಿಗನ್‌ನಲ್ಲೇ 2025ರಲ್ಲಿ ಹಣ ಸಾಲದೆ, ಸಾರಿಗೆ ಇಲಾಖೆ ನೂರಾರು ನೌಕರರನ್ನು ತೆಗೆಯುವುದಾಗಿ ಹೇಳಬೇಕಾಯಿತು. ಶಾಸನಸಭೆಯ ವಿಶೇಷ ಅಧಿವೇಶನ ಕರೆಯಬೇಕಾಯಿತು. ಆ ರಾಜ್ಯ 2015ರಿಂದಲೇ ಓಡಿದ ಮೈಲಿಗೆ ಇಷ್ಟು ಅಂತ ಕೊಡುವ ಸ್ವಯಂಪ್ರೇರಿತ ಪದ್ಧತಿ ನಡೆಸುತ್ತಿದೆ. ನ್ಯೂಜಿಲೆಂಡ್ 1978ರಿಂದ ಡೀಸೆಲ್ ಗಾಡಿಗಳಿಂದ ದೂರ ಮತ್ತು ತೂಕದ ಲೆಕ್ಕದಲ್ಲಿ ರಸ್ತೆ ಶುಲ್ಕ ಪಡೆಯುತ್ತಿದೆ. 2024ರ ಏಪ್ರಿಲ್‌ನಿಂದ ಎಲೆಕ್ಟ್ರಿಕ್ ಕಾರುಗಳನ್ನೂ ಸೇರಿಸಿತು. ತೂಕವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ನನಗೆ ಬಹಳ ಸರಿ ಅನಿಸುತ್ತದೆ. ಆಕ್ಸಲ್ ಭಾರದ ಲೆಕ್ಕ ನೋಡಿದ ಮೇಲೆ ಬೈಕಿನವರಿಂದಲೂ ಭಾರಿ ಲಾರಿಯವರಿಂದಲೂ ಲೀಟರ್ ಲೆಕ್ಕದಲ್ಲಿ ಮಾತ್ರ ಹಣ ಪಡೆಯುವುದು ಹೇಗೆ ಸರಿಯಾಗುತ್ತದೆ?

ಡಾಂಬರು ಮುಚ್ಚಿದ ಕಿಂಡಿ

ಗುಂಡಿ ಬಿದ್ದ ರಸ್ತೆ ಬೈಸಿಕೊಳ್ಳುತ್ತದೆ. ಸೇತುವೆ ಹಾಗಲ್ಲ, ಬೀಳುವ ಹಿಂದಿನ ದಿನದವರೆಗೂ ಮೇಲಿನಿಂದ ನೋಡಿದವರಿಗೆ ಚೆನ್ನಾಗಿಯೇ ಕಾಣುತ್ತದೆ.

1967ರ ಡಿಸೆಂಬರ್ 15ರಂದು ಪಶ್ಚಿಮ ವರ್ಜೀನಿಯಾ ಮತ್ತು ಒಹಾಯೊ ನಡುವಿನ ಸಿಲ್ವರ್ ಬ್ರಿಜ್ ಸಂಜೆಯ ದಟ್ಟಣೆಯಲ್ಲಿ ಕುಸಿದು 46 ಜನ ಸತ್ತರು. ಅಲ್ಲಿಯವರೆಗೆ ಅಮೆರಿಕದಲ್ಲಿ ಸೇತುವೆ ತಪಾಸಣೆಗೆ ದೇಶಕ್ಕೆಲ್ಲ ಒಂದೇ ನಿಯಮ ಇರಲಿಲ್ಲ. 1971ರಲ್ಲಿ ಬಂತು, ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಪ್ರತಿ ಸೇತುವೆಯನ್ನೂ ನೋಡಲೇಬೇಕು ಅಂತ. ಆದರೂ 1983ರ ಜೂನ್ 28ರಂದು ಕನೆಕ್ಟಿಕಟ್‌ನ ಮಿಯಾನಸ್ ನದಿಯ ಸೇತುವೆಯ ಒಂದು ಭಾಗ ಹಾಗೇ ಕಳಚಿ ಬಿತ್ತು. ಮೂವರು ಸತ್ತರು. ತನಿಖೆಯಲ್ಲಿ ಕಂಡದ್ದು ಇದು. ಸೇತುವೆಯ ಆ ಭಾಗವನ್ನು ಪಿನ್ನು ಮತ್ತು ಕೊಂಡಿಗಳು ಹಿಡಿದಿದ್ದವು. ಸುಮಾರು ಹತ್ತು ವರ್ಷ ಮೊದಲು ರಸ್ತೆಗೆ ಹೊಸ ಪದರ ಹಾಕುವಾಗ ಮಳೆನೀರು ಹೋಗುವ ಕಿಂಡಿಗಳನ್ನು ಮುಚ್ಚಿಬಿಟ್ಟಿದ್ದರು. ನೀರು ಬೇರೆ ದಾರಿ ಕಾಣದೆ ಕೀಲುಗಳ ಕಡೆ ಹರಿಯಿತು. ಪಿನ್ನಿನ ಸಂದಿಯಲ್ಲಿ ತುಕ್ಕು ಕಟ್ಟಿತು. ತುಕ್ಕು ಕಬ್ಬಿಣಕ್ಕಿಂತ ಜಾಸ್ತಿ ಜಾಗ ಹಿಡಿಯುತ್ತದೆ, ಅದು ಕೊಂಡಿಯನ್ನು ಪಿನ್ನಿನಿಂದ ಒಂದೊಂದೇ ಎಳೆ ಹೊರಗೆ ನೂಕುತ್ತ ಬಂತು. ಆಗ ಆ ರಾಜ್ಯದಲ್ಲಿ ಮೂರು ಸಾವಿರಕ್ಕೂ ಜಾಸ್ತಿ ಸೇತುವೆಗಳನ್ನು ನೋಡಲು ಇದ್ದದ್ದು ಹನ್ನೆರಡು ತಪಾಸಣೆಗಾರರು.

ಇದನ್ನು ಓದಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಯಾಕೆಂದರೆ ಅಲ್ಲಿ ಕೆಲಸ ನಡೆದಿತ್ತು. ರಸ್ತೆಯ ಮೇಲ್ಮೈ ನುಣ್ಣಗಾಗಿತ್ತು. ಗಾಡಿ ಓಡಿಸುವವರಿಗೆ ಖುಷಿಯಾಗಿರಬೇಕು. 2022ರ ಜನವರಿಯಲ್ಲಿ ಪಿಟ್ಸ್‌ಬರ್ಗ್ ನಗರದ ಫರ್ನ್ ಹಾಲೊ ಸೇತುವೆ ಬಿದ್ದಾಗಲೂ ಕಾರಣಗಳಲ್ಲಿ ಕಟ್ಟಿಕೊಂಡ ನೀರಿನ ದಾರಿ ಮತ್ತು ತುಕ್ಕು ಇದ್ದವು. ತಪಾಸಣೆಯವರು ವರ್ಷಗಳಿಂದ ಬರೆಯುತ್ತಲೇ ಇದ್ದರು, ನಗರಾಡಳಿತ ಕೆಲಸ ಮಾಡಿಸಲಿಲ್ಲ. 2025ರ ಜುಲೈ 9ರಂದು ಗುಜರಾತಿನ ಮಹಿ ನದಿಯ ಮೇಲೆ, ವಡೋದರಾ ಮತ್ತು ಆಣಂದ್ ಜಿಲ್ಲೆಗಳ ನಡುವಿನ ಗಂಭೀರಾ ಸೇತುವೆ ಮುರಿದು ಗಾಡಿಗಳು ನದಿಗೆ ಬಿದ್ದವು. ಕನಿಷ್ಠ 20 ಜನ ಸತ್ತರು. ಸೇತುವೆಗೆ ಆಗಿನ್ನೂ ನಲವತ್ತು ವರ್ಷ ವಯಸ್ಸು. ಸೇತುವೆಗೆ ಅದು ಸಾಯುವ ವಯಸ್ಸಲ್ಲ.

ಕೆಲಸ ಮಾಡಿಸುವ ರೀತಿ

ಸರಿಯಾಗಿ ಗುಂಡಿ ಮುಚ್ಚುವುದನ್ನು ನೋಡಿದವರು ಕಡಿಮೆ. ಮೊದಲು ಗುಂಡಿಯ ಸುತ್ತ ಗಟ್ಟಿ ರಸ್ತೆ ಸಿಗುವವರೆಗೆ ಚೌಕವಾಗಿ ಕತ್ತರಿಸಬೇಕು, ಗೋಡೆ ನೆಟ್ಟಗೆ ಇರಬೇಕು. ಸಡಿಲ ಕಲ್ಲು, ಕೆಸರು, ದೂಳು ಎಲ್ಲ ತೆಗೆದು ಒಣಗಿಸಬೇಕು. ತಳಕ್ಕೂ ನಾಲ್ಕೂ ಗೋಡೆಗೂ ತೆಳ್ಳಗೆ ಡಾಂಬರು ಸವರಬೇಕು. ಆಮೇಲೆ ಬಿಸಿ ಮಿಶ್ರಣವನ್ನು ಪದರ ಪದರವಾಗಿ ತುಂಬಿ ಪ್ರತಿ ಪದರವನ್ನೂ ಒತ್ತಬೇಕು. ಕೊನೆಗೆ ರಸ್ತೆಗಿಂತ ಒಂಚೂರು ಎತ್ತರ ಬಿಟ್ಟರೆ ಗಾಡಿಗಳು ಓಡಿ ಮಟ್ಟಕ್ಕೆ ಬರುತ್ತದೆ. ನಾವು ದಿನಾ ನೋಡುವುದು ಬೇರೆ. ನೀರು ನಿಂತ ಗುಂಡಿಗೆ ಲಾರಿಯಿಂದ ಮಿಶ್ರಣ ಸುರಿದು, ಸಲಿಕೆಯ ಬೆನ್ನಿನಿಂದ ತಟ್ಟಿ ಮುಂದೆ ಹೋಗುತ್ತಾರೆ. ಮುಂದಿನ ಮಳೆಗೆ ಅದೇ ಗುಂಡಿ ಮತ್ತೆ ಬಾಯಿ ತೆರೆಯುತ್ತದೆ, ಅದೇ ಗುಂಡಿಗೆ ಮತ್ತೆ ಬಿಲ್ಲು.

ಇದಕ್ಕೆ ಕೂಲಿಯವರನ್ನು ಬೈದು ಫಲವಿಲ್ಲ. ಗುತ್ತಿಗೆಯಲ್ಲಿ ಹಣ ಕೊಡುವುದು ಎಷ್ಟು ಮಿಶ್ರಣ ಸುರಿದರು ಅನ್ನುವುದಕ್ಕೆ. ರಸ್ತೆ ಹೇಗೆ ಉಳಿಯಿತು ಅನ್ನುವುದಕ್ಕಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯ 1988ರಲ್ಲಿ ಹೆದ್ದಾರಿ ನಿರ್ವಹಣೆಯನ್ನು ಖಾಸಗಿಯವರಿಗೆ ಕೊಟ್ಟಾಗಿನಿಂದ ಹಲವು ದೇಶಗಳು ಬೇರೆ ಬಗೆಯ ಗುತ್ತಿಗೆಯನ್ನು ಪ್ರಯತ್ನಿಸಿವೆ. ಇಷ್ಟು ವರ್ಷ ಈ ರಸ್ತೆ ಇಂಥ ಸ್ಥಿತಿಯಲ್ಲಿರಬೇಕು, ಗುಂಡಿ ಬಿದ್ದರೆ ಇಷ್ಟು ದಿನದಲ್ಲಿ ಮುಚ್ಚಬೇಕು, ಇಲ್ಲವಾದರೆ ಹಣ ಕಡಿತ. ಭಾರತದಲ್ಲೂ 2000ದಲ್ಲಿ ಶುರುವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯಲ್ಲಿ ಕಟ್ಟಿದವರೇ ಐದು ವರ್ಷ ನೋಡಿಕೊಳ್ಳಬೇಕು ಅನ್ನುವ ನಿಯಮ ಇದೆ. ಇಂಥ ಗುತ್ತಿಗೆ ಕೆಲಸ ಮಾಡಬೇಕಾದರೆ ಇಲಾಖೆಯಲ್ಲಿ ಅಳೆಯುವವರು ಬೇಕು. ಅಳೆಯುವ ಸಾಧನ ಇದೆ. ಲೇಸರ್ ಕಟ್ಟಿದ ವ್ಯಾನ್ ಓಡಿಸಿದರೆ ರಸ್ತೆಯ ಒರಟುತನದ ಸೂಚ್ಯಂಕ ಸಿಗುತ್ತದೆ. ವಿಶ್ವಬ್ಯಾಂಕ್ 1982ರಲ್ಲಿ ಬ್ರೆಜಿಲ್‌ನಲ್ಲಿ ನಡೆಸಿದ ಪ್ರಯೋಗದಿಂದ ಬಂದ ಈ ಅಳತೆಯನ್ನು ಈಗ ಎಲ್ಲ ಕಡೆ ಬಳಸುತ್ತಾರೆ. ಅಳೆದದ್ದನ್ನು ಜನರಿಗೆ ತೋರಿಸುವುದು ಮಾತ್ರ ಕಡಿಮೆ.

ಹಾಗಾದರೆ ಗುಂಡಿ ತುಂಬಿದ ಆ ರಸ್ತೆಯವರ ಗತಿ? ‘ನಿಮ್ಮದು ಹೇಗೂ ಸತ್ತ ರಸ್ತೆ, ಕಾಯಿರಿ’ ಅನ್ನಲು ಆಗುವುದಿಲ್ಲ. ಜೀವಕ್ಕೆ ಅಪಾಯ ಇರುವ ಗುಂಡಿಯನ್ನು ಲೆಕ್ಕ ನೋಡದೆ ಮುಚ್ಚಲೇಬೇಕು. ಇನ್ನೊಂದು ನ್ಯಾಯದ ಮಾತೂ ಇದೆ. ಯಾವ ಕಡೆಯ ರಸ್ತೆಗಳು ಯಾವಾಗಲೂ ಕೆಟ್ಟ ಪಟ್ಟಿಯಲ್ಲೇ ಇರುತ್ತವೆ ಅಂತ ನೋಡಿದರೆ, ಬಹುತೇಕ ಅವು ಬಡವರ, ದೂರದವರ, ಓಟು ಕಡಿಮೆ ಇರುವವರ ರಸ್ತೆಗಳು. ಚೆನ್ನಾಗಿರುವುದನ್ನು ಕಾಪಾಡಿ ಅನ್ನುವ ನೀತಿಯನ್ನು ಕಣ್ಣುಮುಚ್ಚಿ ನಡೆಸಿದರೆ ಅವರ ಸರದಿ ಬರುವುದೇ ಇಲ್ಲ. ಅದಕ್ಕೇ ಹಣವನ್ನು ಎರಡು ಭಾಗ ಮಾಡಿ ಬೇಲಿ ಹಾಕಬೇಕು. ಕಾಪಾಡುವುದಕ್ಕೆ ಒಂದು, ಹಳೆಯ ಬಾಕಿ ತೀರಿಸುವುದಕ್ಕೆ ಒಂದು. ಯಾವ ರಸ್ತೆಗೆ ಯಾವ ವರ್ಷ ಅನ್ನುವ ಪಟ್ಟಿ ಊರಿನವರ ಕಣ್ಣಿಗೆ ಬೀಳುವ ಹಾಗಿರಬೇಕು.

ಕ್ಯಾಲಿಫೋರ್ನಿಯಾ 2017ರಲ್ಲಿ ಎಸ್‌ಬಿ-1 ಅನ್ನುವ ಕಾನೂನು ತಂದು ಪೆಟ್ರೋಲ್ ತೆರಿಗೆಯನ್ನು ಗ್ಯಾಲನ್‌ಗೆ 12 ಸೆಂಟ್ ಏರಿಸಿತು. ಮೊದಲು ಇರುವುದನ್ನು ಸರಿಮಾಡಿ ಅನ್ನುವುದು ಅದರ ತಿರುಳು. ಮರುವರ್ಷ ಅದನ್ನು ರದ್ದು ಮಾಡಬೇಕೆ ಅಂತ ಜನರನ್ನೇ ಕೇಳಿದರು. ತೆರಿಗೆ ಏರಿಕೆ ಯಾರಿಗೂ ಇಷ್ಟವಿಲ್ಲ, ಆದರೂ ಬಹುಮತದವರು ರದ್ದು ಬೇಡ ಅಂದರು. ಆ ಕಾನೂನಿನಲ್ಲಿ 2027ರ ಕೊನೆಗೆ ಮುಟ್ಟಬೇಕಾದ ಗುರಿಗಳನ್ನು ಅಂಕಿಯಲ್ಲೇ ಬರೆದಿದ್ದಾರೆ. ರಾಜ್ಯ ಹೆದ್ದಾರಿಗಳ ಮೇಲ್ಮೈಯಲ್ಲಿ ಶೇ 98ರಷ್ಟು ಒಳ್ಳೆಯ ಅಥವಾ ಸಾಧಾರಣ ಸ್ಥಿತಿಯಲ್ಲಿರಬೇಕು. ಹೆಚ್ಚುವರಿಯಾಗಿ 500 ಸೇತುವೆಗಳನ್ನು ಸರಿಮಾಡಿರಬೇಕು. ಅದೇ ಪಟ್ಟಿಯಲ್ಲಿ ಇನ್ನೊಂದು ಸಾಲಿದೆ, ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅದು. ಹೆದ್ದಾರಿಯಡಿಯ ಮೋರಿಗಳಲ್ಲಿ ಶೇ 90ರಷ್ಟು ಒಳ್ಳೆಯ ಅಥವಾ ಸಾಧಾರಣ ಸ್ಥಿತಿಯಲ್ಲಿರಬೇಕು.